ಒದ್ದೆ ಸೊಪ್ಪಿನ ಅಧ್ಯಕ್ಷೆ

ಮೇ 12, ಭಾನುವಾರ

ಇವತ್ತಿನಿಂದ ನಾನು ಅಧ್ಯಕ್ಷೆ. ಯಾವುದಕ್ಕೆ ಎಂದರೆ ಒಂದೇ ಉಸಿರಿನಲ್ಲಿ ಹೇಳಲಾಗದು: 'ಸುಸ್ಥಿರ ಹೊಗೆಸೊಪ್ಪು ಹದಗೊಳಿಸುವಿಕೆ ಹಾಗೂ ಮಹಿಳಾ ಸಹಭಾಗಿತ್ವ ಗ್ರಾಮ ಸಮಿತಿ'. ಈ ಹೆಸರಿಟ್ಟವನು ನನ್ನ ಶಾಲೆಯಲ್ಲಿ ಓದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಬೆಳಿಗ್ಗೆ ಸಣ್ಣಬೀರಯ್ಯ ಬಂದ. ನಮ್ಮೂರಿನ ಬೆಳೆಗಾರರ ಸಂಘಕ್ಕೆ ಅವನೇ ಕಾರ್ಯದರ್ಶಿ, ಅವನೇ ಖಜಾಂಚಿ, ಮೈಕು ಸಿಕ್ಕಿದರೆ ಅವನೇ ಭಾಷಣಕಾರ. ನನ್ನ ಕಡೆ ನೋಡದೆ ಯಜಮಾನರ ಜೊತೆ ಮಾತಾಡಿದ. ನಾನು ಅಲ್ಲೇ ಕೂತು ಹಲಸಿನ ಬೀಜ ಸುಲಿಯುತ್ತಿದ್ದೆ.

"ಸೊಪ್ಪು ಒಣಗ್ಸೋ ಬ್ಯಾರನ್‌ಗೆಲ್ಲ ಹೊಸಾ ಒಲೆ ಹಾಕ್ಕೊಡ್ತರಂತೆ ಕಣ ಚಲುವಣ್ಣ. ಸೌದೆ ಅರ್ಧಕ್ಕರ್ಧ ಉಳೀತದಂತೆ. ಆದ್ರೆ ಅಧ್ಯಕ್ಷರು ಹೆಣ್ಣಾಳೇ ಆಗ್ಬೇಕಂತೆ. ಇಲ್ದಿದ್ರೆ ಯೋಜನೆ ಬಿಳಿಕೆರೆ ಕಡೀಕೆ ಓಗ್ಬುಡ್ತದೆ."

"ನಿನ್ ಹೆಂಡ್ರನ್ನ ಮಾಡು" ಎಂದರು ಯಜಮಾನರು.

"ಅವಳಿಗೆ ಸೈನು ಬರಾಕಿಲ್ಲ. ಟೀಚರಮ್ಮೋರಾದ್ರೆ ಅಕ್ಸರ ಚೆಂದಾಗವೆ."

ಆಗ ಇಬ್ಬರೂ ನನ್ನ ಕಡೆ ತಿರುಗಿದರು, ಹಸು ಹಾಲು ಕೊಡುತ್ತದೋ ಇಲ್ಲವೋ ಎಂದು ನೋಡುವ ಹಾಗೆ.

"ನೀನೇನೂ ಮಾಡದ್ ಬ್ಯಾಡ ಕಣೇ" ಎಂದರು ಯಜಮಾನರು. "ಸೈನ್ ಹಾಕುದ್ರಾಯ್ತು. ಮಿಕ್ಕಿದ್ದು ನಾವ್ ನೋಡ್ಕತೀವಿ."

ಒಲ್ಲೆ ಎನ್ನಲು ಹತ್ತು ಮಾತು ಬೇಕು, ಆಯಿತು ಎನ್ನಲು ಒಂದೇ. ಆಯಿತು ಎಂದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ತಪ್ಪು ತಿದ್ದಲು ಏನೂ ಇಲ್ಲದೆ ಕೈ ಕಡಿಯುತ್ತಿತ್ತು. ಆ ಉದ್ದ ಹೆಸರನ್ನಾದರೂ ತಿದ್ದಬಹುದು.

ಮೇ 21

ಯೋಜನೆಯ ಹುಡುಗಿ ಬಂದಿದ್ದಳು. ಹೆಸರು ಪ್ರಿಯಾ. ಮೈಸೂರಿನವಳು, ಸ್ಕೂಟರು, ಬೆನ್ನಿಗೆ ಚೀಲ, ಬಾಯಲ್ಲಿ ಎರಡೇ ಪದ: 'ಸಬಲೀಕರಣ', 'ಸುಸ್ಥಿರತೆ'. ನೀರು ಕೇಳುವಾಗಲೂ ಅವೆರಡನ್ನು ಸೇರಿಸಿಯೇ ಕೇಳುತ್ತಾಳೇನೋ ಅನ್ನಿಸಿತು.

ಸಮುದಾಯ ಭವನದಲ್ಲಿ ಸಭೆ. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಚಾಪೆಯ ಮೇಲೆ. ಸಮಾನತೆಯ ಸಭೆ! ನನಗೊಬ್ಬಳಿಗೆ ಕುರ್ಚಿ ಹಾಕಿದ್ದರು, ಅಧ್ಯಕ್ಷೆಯಲ್ಲವೇ. ಹುಡುಗಿ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಗಡಿಯಾರ ಬರೆದಳು. ಬೆಳಗಾಗೆದ್ದು ಮಲಗುವ ತನಕ ಗಂಡಸರು ಏನೇನು ಮಾಡುತ್ತಾರೆ, ಹೆಂಗಸರು ಏನೇನು ಮಾಡುತ್ತಾರೆ, ಹೇಳಿ ಎಂದಳು.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದರು, ಅಷ್ಟೇ. ಮನೆಯಲ್ಲಿ ಒಬ್ಬೊಬ್ಬಳ ಗಂಟಲು ಮೂರನೇ ಬೀದಿಗೆ ಕೇಳುತ್ತದೆ, ಇಲ್ಲಿ ಮಾತ್ರ ಎಲ್ಲರೂ ಮೂಗಿಯರು. ಇವರನ್ನು ಉದ್ಧಾರ ಮಾಡಲು ಸ್ಕೂಟರಿನಲ್ಲಿ ಬರುತ್ತಾರಲ್ಲ, ಪೆಟ್ರೋಲು ದಂಡ.

ಕೊನೆಗೆ ಗಡಿಯಾರ ತುಂಬಿಸಿದವನು ಸಣ್ಣಬೀರಯ್ಯ. "ಹೆಂಗುಸ್ರು ಬೆಳಿಗ್ಗೆ ಎದ್ದು ಕಾಫಿ ಕಾಯುಸ್ತರೆ. ಆಮೇಲೆ ಪುರ್ಸೊತ್ತು" ಎಂದ. ಹುಡುಗಿ ಬರೆದುಕೊಂಡಳು.

ಜೂನ್ 8

ಹುಣಸೂರಿನಲ್ಲಿ ತರಬೇತಿ. ಬಸ್ಸು ಮಾಡಿ ಕರೆದುಕೊಂಡು ಹೋದರು. ಹೆಣ್ಣಿನ ದನಿಗೆ ಕಿವಿಗೊಡಬೇಕು ಎಂಬ ವಿಷಯದ ಮೇಲೆ ಒಬ್ಬ ಗಂಡಸು ಊಟದ ಹೊತ್ತಿನವರೆಗೆ ಮಾತಾಡಿದ. ಗುರುಪುರದಿಂದ ಬಂದಿದ್ದ ಒಬ್ಬಳು ಏನೋ ಕೇಳಲು ಎದ್ದು ನಿಂತಳು. ಪ್ರಶ್ನೆಗಳು ಕೊನೆಯಲ್ಲಿ ಎಂದು ಕೂರಿಸಿದ. ಕೊನೆಯಲ್ಲಿ ಊಟವಿತ್ತು.

ಎಲ್ಲರಿಗೂ ಹಸಿರು ಟೋಪಿ ಕೊಟ್ಟು ಫೋಟೊ ತೆಗೆದರು.

ಜೂನ್ 9

ಟೋಪಿಯನ್ನು ಯಜಮಾನರು ಹಾಕಿಕೊಂಡು ಹೊಲಕ್ಕೆ ಹೋದರು. ಬಿಸಿಲಿಗೆ ಒಳ್ಳೆಯದಂತೆ.

ಜುಲೈ 14, ಭಾನುವಾರ

ಸೊಪ್ಪು ಮುರಿಯುವುದು ಶುರುವಾಗಿದೆ. ಊರಂಚಿನ ಬ್ಯಾರನ್ ಸಾಲಿನ ಮುಂದೆ ಹಸಿ ಎಲೆಯ ರಾಶಿ. ಎಲೆಯನ್ನು ಜೋಡಿಸಿ ಕೋಲಿಗೆ ಕಟ್ಟುವುದು ಹೆಂಗಸರು, ಕೋಲನ್ನು ಬ್ಯಾರನ್ ಒಳಗೆ ಅಟ್ಟಕ್ಕೆ ಏರಿಸಿ ಬೆಂಕಿ ಹಾಕುವುದು ಗಂಡಸರು. ಬೆಂಕಿ ಹಾಕಿದವನು ಬೆಳೆಗಾರ, ಎಲೆ ಕಟ್ಟಿದವಳು ಕೈಯಾಳು. ಹಾಗೇ ನಡೆದುಬಂದಿದೆ.

ಸೊಸೆ ರೂಪಶ್ರೀ ಈ ಸಲ ಮೊದಲ ಬಾರಿಗೆ ಕಟ್ಟಲು ಕೂತಿದ್ದಾಳೆ. ಕೆ.ಆರ್. ನಗರದ ಗದ್ದೆ ಸೀಮೆಯ ಹುಡುಗಿ, ಬಿ.ಕಾಂ. ಹೊಗೆಸೊಪ್ಪು ಎಂದರೆ ಕಾಯಿಲೆ ಬಿದ್ದವಳ ಮುಖ ಮಾಡುತ್ತಾಳೆ. ಅಂಟು ಹೋಗುತ್ತಿಲ್ಲ ಎಂದು ಕೂಸು ಎತ್ತಿಕೊಳ್ಳುವ ಮುಂಚೆ ಮತ್ತೆ ಮತ್ತೆ ಕೈ ತೊಳೆಯುತ್ತಾಳೆ. "ತಲೆ ಸುತ್ತುತ್ತೆ ಅತ್ತೆ" ಎಂದಳು. ಬೆಳಿಗ್ಗೆ ಏನೂ ತಿನ್ನದೆ ಬಂದರೆ ಸುತ್ತದೆ ಇನ್ನೇನು ಮಾಡುತ್ತದೆ? ನಮ್ಮ ಕಾಲದಲ್ಲಿ ತಲೆ ಸುತ್ತಿದರೆ ಸುತ್ತಿಸಿಕೊಂಡು ಕಟ್ಟುತ್ತಿದ್ದೆವು.

ಕೂಲಿಯವರದ್ದು ಇನ್ನೊಂದು. ಚಿಕ್ಕಸಿದ್ದಮ್ಮ ಎಂದು ಹೆಸರು, ಊರೆಲ್ಲ ಚಿಕ್ಕಸಿದ್ದಿ ಎನ್ನುತ್ತದೆ, ನಾನೂ. ಕೇರಿಯ ಹೆಂಗಸರನ್ನು ಸೇರಿಸಿ ಕಟ್ಟಲು ಕರೆತರುವವಳು ಅವಳೇ. ಒಂದಷ್ಟು ಕೋಲು ಕಟ್ಟಿದ ಕೂಡಲೇ ಒಬ್ಬೊಬ್ಬಳೇ ಎದ್ದು ಬೇಲಿಯ ಹಿಂದಕ್ಕೆ ಹೋಗುತ್ತಾಳೆ. ಎಲೆಯಡಿಕೆ ಹಾಕಿಕೊಂಡು ಕಾಲು ಚಾಚಿಕೊಳ್ಳಲು. ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಕೆಲಸಗಳ್ಳತನಕ್ಕೂ ಒಂದು ಬೇಲಿ ಬೇಕು.

ಜುಲೈ 17

ಸಣ್ಣಬೀರಯ್ಯ ಠರಾವು ಬರೆದುಕೊಂಡು ಬಂದ. ಈ ವರ್ಷದ ಅನುದಾನವೆಲ್ಲ ಬ್ಯಾರನ್ ಒಲೆಗಳಿಗೆ, ಮಹಿಳಾ ಸದಸ್ಯರು ಸರ್ವಾನುಮತದಿಂದ ಒಪ್ಪಿದ್ದಾರೆ ಎಂದು. ಯಾವ ಮಹಿಳಾ ಸದಸ್ಯರನ್ನೂ ಯಾರೂ ಕೇಳಿಲ್ಲ. 'ಸರ್ವಾನುಮತ'ವನ್ನು 'ಸರ್ವನುಮತ' ಎಂದು ಬರೆದಿದ್ದ. ತಿದ್ದಿ ಸಹಿ ಹಾಕಿದೆ.

ಪ್ರಿಯಾ ಫೋನು ಮಾಡಿದಳು. "ಮೇಡಂ, ಹೆಂಗಸರ ಅಭಿಪ್ರಾಯ ಕೇಳಿದ್ರಾ?"

"ಅವರಿಗೆ ಅಭಿಪ್ರಾಯ ಇದ್ದರೆ ತಾನೇ ಕೇಳುವುದು" ಎಂದೆ. ಫೋನು ಇಟ್ಟುಬಿಟ್ಟಳು. ಗಡಿಯಾರ ಬರೆಯುವವರಿಗೆ ಉತ್ತರ ಸಿಕ್ಕಿದರೆ ಹೀಗೇ.

ಜುಲೈ 23

ಮೂರು ದಿನದಿಂದ ಜಡಿ ಮಳೆ. ಮಳೆಯೆಂದು ಸೊಪ್ಪು ಹಣ್ಣಾಗುವುದು ನಿಲ್ಲುವುದಿಲ್ಲ. ಒದ್ದೆ ಎಲೆಯನ್ನೇ ತಂದು ಸುರಿದರು. ಗೊಬ್ಬರದ ಚೀಲ ತಲೆಗೆ ಹಾಕಿಕೊಂಡು ಎಲ್ಲರೂ ಬಯಲಲ್ಲೇ ಕೂತು ಕಟ್ಟಿದರು. ಎಲೆಯ ನೀರು ತೋಳಿನಿಂದ ಇಳಿದು ಮಡಿಲು ಸೇರುತ್ತಿತ್ತು.

ಹನ್ನೊಂದರ ಹೊತ್ತಿಗೆ ರೂಪಶ್ರೀ ಎದ್ದು ನಿಂತಳು, ಏನೋ ಹೇಳಲು ಬಾಯಿ ತೆರೆದಳು, ಕೋಲುಗಳ ಮೇಲೆ ಬಿದ್ದಳು. ಮುಖ ಸುಣ್ಣ. ವಾಂತಿ ನಿಲ್ಲಲಿಲ್ಲ. ಎದೆ ಹೊಡೆದುಕೊಳ್ಳುವುದು ಸೀರೆಯ ಮೇಲೆಯೇ ಕಾಣುತ್ತಿತ್ತು. ಯತೀಶ ಬ್ಯಾರನ್ ಮೇಲಿನಿಂದ ಇಳಿದು ಬಂದವನು ಹೆಂಡತಿಯನ್ನು ಮುಟ್ಟಲೂ ಹೆದರಿ ನಿಂತ. ಮಗ ಎಂದು ಸಾಕಿದ್ದು ಕಂಬವನ್ನು. ಅವಳನ್ನು ಎತ್ತಿ ಕಾರಿಗೆ ಹಾಕಿದವರು ಕೂಲಿಯ ಹೆಂಗಸರು.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಮೀಸೆ ಸರಿಯಾಗಿ ಬಾರದ ಡಾಕ್ಟರು. ಒದ್ದೆ ಎಲೆಯ ರಸ ಚರ್ಮದಿಂದಲೇ ಒಳಗಿಳಿಯುತ್ತದೆ, ಇದು ಹೊಗೆಸೊಪ್ಪಿನ ವಿಷ ಎಂದ. "ಮಗುವಿಗೆ ಹಾಲು ಕುಡಿಸ್ತಿದ್ದಾರಾ? ಹಾಗಾದರೆ ಎಲೆ ಒದ್ದೆ ಇರುವಾಗ ಹತ್ತಿರವೂ ಕಳಿಸಬೇಡಿ. ನಿಮ್ಮ ಕಡೆಯ ಹೆಂಗಸರು ಇದಕ್ಕೆ ಬರುವುದೇ ಇಲ್ಲ, ಬಿದ್ದ ಮೇಲೆ ಬರುತ್ತಾರೆ" ಎಂದು ನನಗೇ ಪಾಠ ಹೇಳಿದ.

ಸಂಜೆ ಕೂಸು ಹಾಲಿಗೆ ಅತ್ತಿತು. ಇವತ್ತು ಬೇಡವೆಂದು ಡಾಕ್ಟರು ಹೇಳಿದ್ದ. ಬಾಟಲಿ ಬಾಯಿಗೆ ಹಿಡಿದರೆ ಕೂಸು ನನ್ನ ಮುಖವನ್ನೇ ನೋಡಿಕೊಂಡು ಅತ್ತಿತು.

ಜುಲೈ 24

ಚಿಕ್ಕಸಿದ್ದಿ ಹಿತ್ತಿಲ ಬಾಗಿಲಿಗೆ ಬಂದು ರೂಪಶ್ರೀ ಹೇಗಿದ್ದಾಳೆ ಎಂದು ಕೇಳಿದಳು. ಡಾಕ್ಟರು ಹೇಳಿದ್ದನ್ನು ಹೇಳಿದೆ.

"ನಮಗೆ ಮಳೆಗಾಲ್ದಾಗೆ ದಿನಾ ಅಂಗೇ ಆಯ್ತದೆ ಟೀಚರಮ್ಮ. ಬೇಲಿ ಹಿಂದಕ್ಕೋಗಿ ಕಕ್ಕಂಡು ಬಂದು ಕಟ್ತೀವಿ. ರಾತ್ರಿ ಉಣ್ಣಾಕೆ ಸೇರಾಕಿಲ್ಲ."

ಕೆಲಸಗಳ್ಳತನವಲ್ಲವಂತೆ. ಹಾಗಾದರೆ ಹೇಳಬೇಕಿತ್ತು, ಬಾಯಿಲ್ಲವೇ? ಹಾಗೆಂದೇ ಕೇಳಿದೆ.

"ಯಾರ್ಗ್ ಹೇಳದು?" ಎಂದಳು. ವ್ಯಂಗ್ಯವಾಗಿ ಅಲ್ಲ. ನಿಜವಾಗಿಯೂ ಕೇಳಿದಳು.

ಮರುಮಾತಿಗೆ ಕಾಯದೆ ಹೋದಳು. ಸೊಕ್ಕು.

ಜುಲೈ 26

ರೂಪಶ್ರೀ ಜಾಗದಲ್ಲಿ ನಾನೇ ಕಟ್ಟಲು ಕೂತೆ. ಮೇಷ್ಟ್ರ ಕೆಲಸ ಸಿಕ್ಕಿದ ಮೇಲೆ ಕಟ್ಟಿರಲಿಲ್ಲ. ಎಲೆ ಒದ್ದೆಯೇ ಇತ್ತು. ನನಗೆ ಏನೂ ಆಗಲಿಲ್ಲ. ಈಗಿನವರಿಗೆ ಗಟ್ಟಿತನವಿಲ್ಲ.

ಜುಲೈ 27

ಆಯಿತು. ಬೇಲಿಯ ಹಿಂದೆ. ಚಿಕ್ಕಸಿದ್ದಮ್ಮ ಬೆನ್ನು ಹಿಡಿದುಕೊಂಡಿದ್ದಳು.

ಜುಲೈ 30

ಸಂಘದ ಕಟ್ಟೆಗೆ ಹೋಗಿ ಹೇಳಿದೆ. ಒಲೆ ಆಮೇಲೆ ಮಾಡೋಣ, ಮೊದಲು ಬ್ಯಾರನ್ ಸಾಲಿನ ಮುಂದೆ ಉದ್ದಕ್ಕೆ ಒಂದು ಸೂರು ಹಾಕಿಸೋಣ. ಎಲೆಯ ನೀರು ಬಸಿಯಲು ಅಟ್ಟಣೆ, ಕೈ ತೊಳೆಯಲು ನಲ್ಲಿ, ಒಂದು ಪಾಯಿಖಾನೆ. ಎಲೆ ಆರಿದ ಮೇಲೆ ಕಟ್ಟಲಿ.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನ್ನ ಕೈಯಲ್ಲಿ ಮಗ್ಗಿ ಕಲಿತವರೂ ನಕ್ಕರು.

"ಸೂರು ಯಾಕೆ, ಕೂತ್ಕಂಡು ಹರಟೆ ಹೊಡೆಯಾಕಾ?" ಎಂದ ಸಣ್ಣಬೀರಯ್ಯ. "ಎಲೆ ಆರೋಗಂಟ ಕಾದ್ರೆ ಬ್ಯಾರನ್ ತುಂಬದು ಯಾವಾಗ? ನೀವು ಮಕ್ಕಳಿಗೆ ಪಾಠ ಹೇಳ್ದೋರು, ಯವಸಾಯ ನಮಗೆ ಬುಟ್ಬುಡಿ. ಠರಾವಿಗೆ ಸೈನ್ ಹಾಕೀರಿ, ಮುಗೀತು."

ಯಜಮಾನರು ಅಲ್ಲೇ ಇದ್ದರು. ನಗಲಿಲ್ಲ. ಆದರೆ ಕಾಲ ಕೆಳಗಿನ ಮಣ್ಣನ್ನು ಅಷ್ಟೊಂದು ಆಸಕ್ತಿಯಿಂದ ನೋಡಿದ್ದನ್ನು ನಾನು ಯಾವತ್ತೂ ಕಂಡಿಲ್ಲ.

ಪ್ರಿಯಾಳಿಗೆ ಫೋನು ಮಾಡಿದೆ. ಸ್ಕೂಟರಿನಲ್ಲಿ ನೆನೆದುಕೊಂಡು ಬಂದಳು. ಯೋಜನೆಯಲ್ಲಿ ಸೂರಿಗೆ ಅವಕಾಶ ಇದೆ, ಆದರೆ ಸಮಿತಿಯ ಹೆಂಗಸರೇ ಕೂತು ಹೊಸ ಠರಾವು ಮಾಡಬೇಕು ಎಂದಳು. "ನಿಮ್ಮೂರಿನ ಠರಾವು ಸುಳ್ಳು ಅಂತ ನಮ್ಮ ಮೇಲಿನವರಿಗೆ ಬರೆದೆ ಮೇಡಂ. ಅಧ್ಯಕ್ಷರ ಸಹಿ ಇದೆಯಲ್ಲ, ನಿನಗೇನು ಅಂದರು." ಅಷ್ಟು ಹೇಳಿ ಅತ್ತುಬಿಟ್ಟಳು. ಸಬಲೀಕರಣದವರಿಗೇ ಅಳು ಬಂದರೆ ಉಳಿದವರ ಗತಿಯೇನು? ಒಣ ಸೀರೆ ಕೊಟ್ಟು, ಸಾರು ಬಿಸಿ ಮಾಡಿ ಬಡಿಸಿದೆ. ಸೀರೆ ಉಡಲೂ ಬರುವುದಿಲ್ಲ. ರೂಪಶ್ರೀ ಉಡಿಸಿದಳು.

ಆಗಸ್ಟ್ 4, ಭಾನುವಾರ

ಕೇರಿಗೆ ಹೋಗಿದ್ದೆ. ಮನೆಯಲ್ಲಿ ಹೇಳಿ ಹೋಗಲಿಲ್ಲ. ಚಿಕ್ಕಸಿದ್ದಮ್ಮನ ಜಗಲಿಯ ಮೇಲೆ ಕೂತೆ. ಒದ್ದೆ ಎಲೆ ಕಟ್ಟುವುದಿಲ್ಲ ಎಂದು ಎಲ್ಲರೂ ಒಂದು ದಿನ ನಿಂತರೆ ಸಾಕು, ದಾರಿಗೆ ಬರುತ್ತಾರೆ ಎಂದೆ. ನಾನು ಹೇಳಿದರೆ ಕೇಳುತ್ತಾರೆ ಎಂದುಕೊಂಡಿದ್ದೆ.

"ನೀವ್ ಹೇಳ್ತೀರಿ ಟೀಚರಮ್ಮ, ಸರಿ. ನಿಮಗೆ ಪಿಂಚಣಿ ಬತ್ತದೆ. ನಾವು ನಿಂತ್ಕಂಡ್ರೆ ಸಣ್ಣಬೀರಯ್ಯ ನಾಳೀಕೆ ಹೆಚ್.ಡಿ. ಕೋಟೆ ಕಡೆಯಿಂದ ಆಳು ತರ್ತನೆ. ಆಮ್ಯಾಕೆ ನಮ್ಮನ್ನ ಯಾರ್ ಕರೆದಾರು?"

"ಮತ್ತೆ ಏನು ಮಾಡಬೇಕಂತೀಯ?"

"ಮೊದ್ಲು ನಿಮ್ ಸೊಪ್ಪು ಕೊಳೀಲಿ."

ಅರ್ಥವಾಗಲಿಲ್ಲ.

"ನಮ್ ಹೊಟ್ಟೆ ಮ್ಯಾಲೆ ಯಾಕ್ ಶುರು ಮಾಡೀರಿ? ನಿಮ್ಮಟ್ಟೀಲಿ ಶುರು ಮಾಡಿ. ದೊಡ್ಡೋರ ಮನೆ ಹೆಂಗುಸ್ರು ಮೊದ್ಲು ಕೈ ಎತ್ಲಿ. ಆಗ ನಾವೂ ಕೂತ್ಕತೀವಿ, ಆಗ ಯಾವ ಆಳ್ನೂ ತರಾಕಾಗಲ್ಲ, ತಂದ್ರೆ ನಿಮ್ಮಂಥೋರೇ ಬಾಗ್ಲಲ್ಲಿ ಅಡ್ಡ ಇರ್ತೀರಲ್ಲ."

ಎಷ್ಟು ಧೈರ್ಯ. ನನ್ನ ಮನೆಯ ಒಂದು ಬ್ಯಾರನ್ ಎಲೆ! ಹೊಟ್ಟೆಯುರಿದುಕೊಂಡು ಎದ್ದೆ. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೇ ಬಂದೆ. ಮನೆ ತಲುಪುವ ಹೊತ್ತಿಗೆ ಅವಳ ಮಾತಿನಲ್ಲಿ ತಪ್ಪು ಹುಡುಕಿ ಸುಸ್ತಾಗಿತ್ತು.

ಆಗಸ್ಟ್ 6

ಬೆಳಿಗ್ಗೆ ಸೋನೆ. ಟ್ರ್ಯಾಕ್ಟರಿನಲ್ಲಿ ನಮ್ಮ ಎಲೆ ಬಂದು ಬಿತ್ತು. ಹೆಂಗಸರು ಬಂದು ರಾಶಿಯ ಸುತ್ತ ಕೂತರು. ಯಾರೂ ಎಲೆಗೆ ಕೈ ಹಾಕಲಿಲ್ಲ. ನಾನು ಎಲ್ಲರಿಗೂ ಮುಂಚೆ ಹೋಗಿ ಕಲ್ಲಿನ ಮೇಲೆ ಕೂತಿದ್ದೆ. ರೂಪಾ ಕೂಸನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಕೂತಳು. ಬೇಡವೆಂದರೂ ಕೇಳಲಿಲ್ಲ.

"ಯಾಕ್ರವ್ವ, ಕಟ್ಟಲ್ವಾ?" ಎಂದ ಯತೀಶ.

"ನೀರು ಆರಲಿ" ಎಂದೆ.

"ಈ ಮಳೇಲಿ ಯಾವಾಗ ಆರ್ತದೆ ಅವ್ವ?"

"ಸೂರು ಹಾಕಿದ ಮೇಲೆ."

ಅವನು ಅಪ್ಪನನ್ನು ಕರೆದುಕೊಂಡು ಬಂದ. ಯಜಮಾನರು ರಾಶಿ ನೋಡಿದರು, ನನ್ನನ್ನು ನೋಡಿದರು. "ಏನಿದು ಹುಡುಗಾಟ? ಮಧ್ಯಾನ ಆದ್ರೆ ರಾಶಿ ಒಳಗೆ ಕಾವು ಕಟ್ಕತದೆ. ಎಲೆ ಹೋಯ್ತದೆ ಕಣೇ."

"ಹೋಗಲಿ."

"ತಲೆ ಕೆಟ್ಟದಾ ನಿಂಗೆ? ನಾಲಕ್ಕು ತಿಂಗಳ ಬೆವರು!"

"ಇವರದ್ದೂ ಬೆವರೇ. ನಿಮ್ಮದು ಕಟ್ಟೆ ಮೇಲೆ ಕೂತರೆ ಬರುವ ಬೆವರು."

ಇಷ್ಟು ಜನರ ಮುಂದೆ ಅವರಿಗೆ ಎದುರಾಡಿದ್ದು ಇದೇ ಮೊದಲೇನೋ. ಅವರು ಬೈಯಲಿಲ್ಲ. ಪಂಚೆ ಎತ್ತಿ ಕಟ್ಟಿ ರಾಶಿಯ ಮುಂದೆ ಕೂತರು. "ಬಾರ್ಲಾ ಯತೀಶ, ನಾವೇ ಕಟ್ಟುವ. ಇದೇನ್ ಬ್ರಹ್ಮವಿದ್ಯೆಯಾ?"

ಅಪ್ಪ ಮಗ ಕಟ್ಟಿದರು. ಕೋಲು ಎತ್ತಿದರೆ ಎಲೆ ಉದುರುತ್ತಿತ್ತು, ಎತ್ತದಿದ್ದರೆ ದಾರ ಸಿಕ್ಕಾಗುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳಲಿಲ್ಲ, ಬಾಯಿ ಬಿಟ್ಟೇ ನಕ್ಕರು. ಸಣ್ಣಬೀರಯ್ಯ ಬಂದು, "ಚಲುವಣ್ಣ, ಮನೆ ಹೆಂಗುಸ್ರನ್ನ ಅದ್ಬಸ್ತಲ್ಲಿ ಇಟ್ಕಳಾಕಾಗ್ದಿದ್ರೆ ಊರೇ ಹಾಳಾಯ್ತದೆ" ಎಂದು ಕೂಗಾಡಿದ. ಅಷ್ಟರಲ್ಲಿ ಅವನ ಹೆಂಡತಿ, ಯಾವ ಸಭೆಯಲ್ಲೂ ತುಟಿ ಬಿಚ್ಚದವಳು, ಬೀದಿ ದಾಟಿ ಬಂದು ನಮ್ಮ ಸಾಲಿನಲ್ಲಿ ಕೂತಳು. ಅವನು ಅವಳನ್ನು ನೋಡಿದ. ಅವಳು ಬ್ಯಾರನ್ ಗೋಡೆ ನೋಡಿದಳು. ಅವನೇ ಹೋದ.

ಸಂಜೆಗೆ ರಾಶಿಯೊಳಗೆ ಕೈ ಹಾಕಿದರೆ ಒಲೆಯ ಮೇಲಿನ ಪಾತ್ರೆಯಂತೆ ಬಿಸಿ. ಹುಳಿ ವಾಸನೆ. ಒಳ್ಳೆಯ ಎಲೆ, ಅಗಲ ಎಲೆ. ಕೈ ತೆಗೆದುಬಿಟ್ಟೆ. ಚಿಕ್ಕಸಿದ್ದಮ್ಮ ರಾಶಿಯನ್ನೇ ನೋಡುತ್ತ ನಿಂತಿದ್ದಳು. ಗೆದ್ದವಳ ಮುಖವಾಗಿರಲಿಲ್ಲ. ಅವಳ ಮನೆಯವರದ್ದೇ ಎಲೆ ಹೋದ ಹಾಗಿತ್ತು.

ಕತ್ತಲಾಗುವ ಮುಂಚೆ ಯಜಮಾನರು ಬೇಲಿಯ ಹಿಂದೆ ಹೋಗಿದ್ದು ಎಲ್ಲರಿಗೂ ಕೇಳಿಸಿತು. ಬಂದು ಬಾಯಿ ಒರೆಸಿಕೊಂಡು, "ಮಳೆಗೆ ಸೀತ ಆಗದೆ" ಎಂದರು.

ಶೀತ!

ಆಗಸ್ಟ್ 7

ಕೊಳೆತ ಎಲೆಯನ್ನು ತಿಪ್ಪೆಗೆ ಹಾಕಿದರು. ಯಜಮಾನರಿಗೆ ಊಟ ಸೇರಲಿಲ್ಲ. ಮಜ್ಜಿಗೆ ಇಟ್ಟೆ. ಕುಡಿದರು, ಲೋಟ ತೊಳೆದಿಟ್ಟರು. ಲೋಟ ತೊಳೆಯಬಹುದು ಎಂದು ಅವರಿಗೆ ಗೊತ್ತಿರುವುದು ಈಗ ತಿಳಿಯಿತು.

ಆಗಸ್ಟ್ 11, ಭಾನುವಾರ

ಸಣ್ಣಬೀರಯ್ಯನ ಹೊಲದಲ್ಲಿ ಎಲೆ ಹಣ್ಣಾಗಿ ನಿಂತಿದೆ. ಮುರಿಸಲು ಧೈರ್ಯವಿಲ್ಲ. ಆಳು ಹುಡುಕಲು ಹೋದವನು ಬರಿಗೈಲಿ ಬಂದ. ನಾಟಿಯ ಕಾಲ, ಯಾರೂ ಸಿಗಲಿಲ್ಲವಂತೆ.

ಸಮುದಾಯ ಭವನದಲ್ಲಿ ಸಭೆ. ಪ್ರಿಯಾ ಕುರ್ಚಿಗಳನ್ನೆಲ್ಲ ಮೂಲೆಗೆ ಜೋಡಿಸಿ ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿದಳು. ಸಣ್ಣಬೀರಯ್ಯ ಮಂಡಿ ನೋವು ಎಂದ. ಗೋಡೆಗೆ ಒರಗಿ ಎಂದಳು. ಅಷ್ಟಾದರೂ ಕಲಿತಿದ್ದಾಳೆ.

ಗಂಡಸರು ಒಲೆಯ ಬಗ್ಗೆ ಹಳೆಯದನ್ನೇ ಹೇಳಿದರು. ಆಮೇಲೆ ಯಜಮಾನರು ತಲೆ ಎತ್ತದೆ ಹೇಳಿದರು. "ಒಂದು ಸೂರು ಹಾಕ್ಸಿ ಬುಡು ಸಣ್ಣಬೀರ. ಆ ಎಲೆ ನೀರು ಒಳ್ಳೇದಲ್ಲ ಕಣ."

"ನಿಂಗೆಂಗ್ ಗೊತ್ತು?"

"ಗೊತ್ತು ಬುಡು."

ಈ ವರ್ಷ ಸೂರು, ಮುಂದಿನ ವರ್ಷ ಒಲೆ ಎಂದಾಯಿತು. ಹೊಸ ಠರಾವನ್ನು ರೂಪಾ ಬರೆದಳು. ಒಂದೂ ತಪ್ಪಿರಲಿಲ್ಲ. ಕೆ.ಆರ್. ನಗರದಲ್ಲೂ ಒಬ್ಬಿಬ್ಬರು ಮೇಷ್ಟ್ರುಗಳು ಇದ್ದಿರಬೇಕು.

ಸೆಪ್ಟೆಂಬರ್ 19

ಸೂರಿನ ಉದ್ಘಾಟನೆ. ಕಟ್ಟಿಸಲು ಒಂದು ದಿನವೂ ಬಾರದವರು ಕತ್ತರಿಸಲು ಬಂದರು. ರಿಬ್ಬನ್ ಹಿಡಿದವರು ಗಂಡಸರು, ಕತ್ತರಿಸಿದವರು ಗಂಡಸರು, ತಟ್ಟೆ ಹಿಡಿದು ನಿಂತವರು ಹೆಂಗಸರು. ರಾಕ್ಷಸರ ಅಳತೆಯ ಕೈಗವಸು ಹಂಚಿದರು. ಹೊಸದಾಗಿ ಅಚ್ಚಾದ ಪುಸ್ತಿಕೆಯಲ್ಲಿ ನನ್ನ ಫೋಟೊ, ಅದರ ಕೆಳಗೆ: 'ಯೋಜನೆಯಿಂದ ನನ್ನ ಬದುಕಿನಲ್ಲಿ ಹೊಸ ಬೆಳಕು ಮೂಡಿದೆ.' ನಾನು ಹೀಗೆ ಹೇಳಿಲ್ಲ, ಹೇಳುವುದೂ ಇಲ್ಲ. ನನಗೆ ಬೆಳಕು ಬೇಕಾದರೆ ಸ್ವಿಚ್ಚು ಹಾಕಿಕೊಳ್ಳುತ್ತೇನೆ.

ಅವರೆಲ್ಲ ಹೋದ ಮೇಲೆ ಹೆಂಗಸರು ಸೂರಿನೊಳಗೆ ಬಂದರು. ಬೆಳೆಗಾರರ ಮನೆಯವರು ಈ ತುದಿಗೆ, ಕೇರಿಯವರು ಆ ತುದಿಗೆ, ನಡುವೆ ಎಮ್ಮೆ ತಿರುಗುವಷ್ಟು ಜಾಗ. ನಲ್ಲಿ ಈ ತುದಿಯಲ್ಲಿತ್ತು. ಚಿಕ್ಕಸಿದ್ದಮ್ಮ ಎದ್ದು ಬಂದು ನಲ್ಲಿ ತಿರುಗಿಸಿ ಕೈ ತೊಳೆದುಕೊಂಡಳು. ಒಬ್ಬಿಬ್ಬರು ಮುಖ ಸಿಂಡರಿಸಿದರು. ನನ್ನ ಮೈಯಲ್ಲೂ ಏನೋ ಮುದುಡಿತು, ಇಲ್ಲವೆನ್ನುವುದಿಲ್ಲ. ರೂಪಾ ಮಾತ್ರ ನಡುವಿನ ಖಾಲಿ ಜಾಗದಲ್ಲೇ ಜಂತೆಗೆ ಸೀರೆಯ ತೊಟ್ಟಿಲು ಕಟ್ಟಿ, ಕೂಸನ್ನು ಮಲಗಿಸಿ, ಅದರ ಪಕ್ಕ ಕೂತಳು. ಕೂಸು ಅತ್ತಾಗ ತೂಗಿದ್ದು ಯಾರು ಹತ್ತಿರವಿದ್ದರೋ ಅವರು.

ಸಂಜೆಯ ಹೊತ್ತಿಗೆ ನಾನೂ ಸ್ವಲ್ಪ ಆ ಕಡೆ ಸರಿದಿದ್ದೆ. ಈ ತುದಿಯಲ್ಲಿ ಇರಚಲು ಹೊಡೆಯುತ್ತಿತ್ತು.

ಸೆಪ್ಟೆಂಬರ್ 30

ಪ್ರಿಯಾಳನ್ನು ಹೆಚ್.ಡಿ. ಕೋಟೆಗೆ ಹಾಕಿದ್ದಾರೆ. ಮೇಲಿನವರಿಗೆ ಎದುರು ಬರೆದವಳನ್ನು ಹತ್ತಿರ ಇಟ್ಟುಕೊಳ್ಳುವುದುಂಟೇ. ಹೇಳಿಹೋಗಲು ಬಂದಿದ್ದಳು. ಅಲ್ಲಿ ಕಾಡಿನವರ ಹಾಡಿಗಳಿಗೆ ಹೋಗಬೇಕಂತೆ. ಅಲ್ಲೂ ಗೋಡೆಗೆ ಗಡಿಯಾರ ಅಂಟಿಸುತ್ತೀಯೇನು ಎಂದೆ. "ಇಲ್ಲ ಮೇಡಂ, ಮೊದಲು ಅವರ ಜೊತೆ ಒಂದು ದಿನ ಕೆಲಸ ಮಾಡ್ತೀನಿ" ಎಂದಳು. ಮಾಡಲಿ, ಸೊಂಟ ಹಿಡಿದಾಗ ಗೊತ್ತಾಗುತ್ತದೆ. ಹುರಳಿಕಾಳು, ಉಪ್ಪಿನಕಾಯಿ ಕಟ್ಟಿಕೊಟ್ಟೆ. ಮನೆಯಲ್ಲಿ ಜಾಸ್ತಿಯಾಗಿತ್ತು.

ಬೆಳೆ ಮುಗಿಯುವ ಹೊತ್ತಿಗೆ ಅಧ್ಯಕ್ಷರನ್ನು ಹೊಸದಾಗಿ ಆರಿಸಬೇಕಂತೆ, ಚುನಾವಣೆ ಭಾನುವಾರ. ಈ ಸಲ ಹೆಂಗಸರದ್ದೇ ಓಟು, ಎಲೆ ಕಟ್ಟುವ ಕೂಲಿಯವರದ್ದೂ ಸೇರಿ. ಹಾಗೊಂದು ನಿಯಮವನ್ನು ಹೋಗುವ ಮುಂಚೆ ಆ ಹುಡುಗಿ ಮಾಡಿಸಿ ಹೋಗಿದ್ದಾಳೆ. ನಾನೇ ಮುಂದುವರಿಯಬೇಕು ಎಂದು ಸಣ್ಣಬೀರಯ್ಯ ಬಂದು ಕೈಮುಗಿದ. ನನಗೇನು ಆ ಪದವಿ ಬೇಕಾಗಿಲ್ಲ. ಆದರೂ ಇನ್ನು ಯಾರಿದ್ದಾರೆ?

ಅಕ್ಟೋಬರ್ 6, ಭಾನುವಾರ

ಸೂರಿನ ಕೆಳಗೇ ಸಭೆ. ಸಣ್ಣಬೀರಯ್ಯ ನನ್ನ ಹೆಸರು ಹೇಳಿದ. "ಟೀಚರಮ್ಮೋರು ನಮ್ ಜೊತೆ ಹೊಂದ್ಕಂಡು ಹೋಗೋರು" ಎಂದ. ಕೇಳಿ ನನಗೆ ವಾಕರಿಕೆ ಬಂತು, ಒದ್ದೆ ಎಲೆಯಿಲ್ಲದೆಯೇ.

ರೂಪಾ ಎದ್ದು ನಿಂತಳು. ನನ್ನ ಸೊಸೆ. ನನ್ನ ಕಡೆ ನೋಡಿ, "ತಪ್ಪು ತಿಳ್ಕೋಬೇಡಿ ಅತ್ತೆ" ಎಂದು, ಚಿಕ್ಕಸಿದ್ದಮ್ಮನ ಹೆಸರು ಹೇಳಿದಳು.

ಗಂಡಸರ ಕಡೆ ಗುಸುಗುಸು. ಒಬ್ಬ, "ಅವಳಿಗೆ ಸೈನು ಬತ್ತದಾ?" ಎಂದ.

"ಹೆಬ್ಬೆಟ್ಟು ಅದೆ" ಎಂದಳು ಚಿಕ್ಕಸಿದ್ದಮ್ಮ. "ಆದ್ರೆ ಓದಿ ಹೇಳ್ದೆ ಒತ್ತಾಕಿಲ್ಲ."

ಅದು ನನಗೆ ಚುಚ್ಚಿದ್ದೋ, ಸುಮ್ಮನೆ ಹೇಳಿದ್ದೋ ತಿಳಿಯಲಿಲ್ಲ. ಜುಲೈನಲ್ಲಿ ನಾನು ಓದಿ, ತಿದ್ದಿ, ಸಹಿ ಹಾಕಿದ್ದೆ.

ಮೊದಲು ನನ್ನ ಹೆಸರಿಗೆ ಕೈ ಎತ್ತಿ ಎಂದರು. ಬೆಳೆಗಾರರ ಮನೆಯ ಹೆಂಗಸರು ಎತ್ತಿದರು, ಎಲ್ಲರೂ ಅಲ್ಲ. ಸಣ್ಣಬೀರಯ್ಯನ ಹೆಂಡತಿ ಎತ್ತಲಿಲ್ಲ. ಆಮೇಲೆ ಚಿಕ್ಕಸಿದ್ದಮ್ಮನ ಹೆಸರಿಗೆ. ಆ ತುದಿಯಿಂದ ಅಂಟು ಹಿಡಿದ ಕಪ್ಪು ಕೈಗಳು ಎದ್ದವು, ರೂಪಾಳದ್ದು ಎದ್ದಿತು. ನೋಡುವವರಿಗೇ ಗೊತ್ತಾಗುತ್ತಿತ್ತು, ಎರಡೂ ಕಡೆ ಸರಿಸಮ. ಒಂದು ಕೈ ಮಾತ್ರ ಯಾವ ಕಡೆಗೂ ಎದ್ದಿರಲಿಲ್ಲ. ನನ್ನದು. ಎಲ್ಲರೂ ನನ್ನನ್ನೇ ನೋಡಿದರು.

ಎತ್ತಿದೆ. ಎತ್ತದೆ ಏನು ಮಾಡಲಿ? ಸಣ್ಣಬೀರಯ್ಯನ ಜೊತೆ ಹೊಂದಿಕೊಂಡು ಹೋಗುವವಳು ಎನ್ನಿಸಿಕೊಂಡು ಸಾಯುವುದಕ್ಕಿಂತ ವಾಸಿ.

ಮನೆಗೆ ಬಂದ ಮೇಲೆ ಯಜಮಾನರು, "ನೀನೇ ಬುಟ್ಕೊಟ್ಟೆಯಲ್ಲೇ" ಎಂದರು. ಕಾಫಿ ಅವರೇ ಮಾಡಿದ್ದರು, ಪಾಯಸದಷ್ಟು ಸಿಹಿ. ರೂಪಾ ಒಳಗೆ ಬಂದು ನನ್ನ ಕಾಲ ಬಳಿ ಕೂತಳು. ಕಾಲು ಸರಿಸಿಕೊಂಡೆ. ಅವಳು ಎದ್ದು ಹೋಗಲಿಲ್ಲ. ಕಾಫಿ ಕುಡಿದು ಮುಗಿಸಿ, ಚಿಕ್ಕಸಿದ್ದಮ್ಮನಿಗೆ ಅಕ್ಷರ ಹೇಳಿಕೊಡಬೇಕು, ನೀನು ಶುರು ಮಾಡಬೇಡ, ನಿನಗೆ ತಾಳ್ಮೆಯಿಲ್ಲ, ನಾನೇ ಮಾಡುತ್ತೇನೆ ಎಂದೆ.

ಅಕ್ಟೋಬರ್ 7

ಈ ವರ್ಷದ ಕೊನೆಯ ಎಲೆ. ಬೆಳಿಗ್ಗೆ ಮಂಜು ಬಿದ್ದಿತ್ತು. ಎಲ್ಲರಿಗಿಂತ ಮೊದಲು ಹೋಗಿ, ಎಲೆ ಜೋಡಿಸಿ ಕೋಲು ಕೈಗೆತ್ತಿಕೊಂಡೆ.

"ಇಳಿಸಿ ಟೀಚರಮ್ಮ" ಎಂದಳು ಚಿಕ್ಕಸಿದ್ದಮ್ಮ ಹಿಂದಿನಿಂದ. "ಇನ್ನೂ ನೀರದೆ. ಕೂತ್ಕಳಿ."

ಎಷ್ಟು ಮಕ್ಕಳನ್ನು ಕೂತ್ಕೋ ಎಂದು ಗದರಿಸಿದವಳು ನಾನು. ಕೋಲು ಇಳಿಸಿದೆ. ಅವಳ ಪಕ್ಕದಲ್ಲೇ ಜಾಗವಿತ್ತು. ಬಿಸಿಲು ಬರುವ ತನಕ ಇಬ್ಬರೂ ಕೂತಿದ್ದೆವು.